ಚಿತ್ರದ ಕೆಳಗಿನ ಸಾಲು

ಗುರುವಾರದ ತರಗತಿ ಮುಗಿದ ಮೇಲೂ ಅರ್ಚಿತಾ ಹೋಗುತ್ತಿರಲಿಲ್ಲ. ಉಳಿದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಪರದೆಯಿಂದ ಮಾಯವಾದ ಮೇಲೆ ಅವಳ ಹೆಸರಿನ ಕಪ್ಪು ಚೌಕವೊಂದೇ ಉಳಿಯುತ್ತಿತ್ತು. ವಡೋದರದ ಅಲ್ಕಾಪುರಿಯ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠ ಮಾಡುವ ಶಕುಂತಲಾ ಆ ಹೊತ್ತಿಗಾಗಿ ವಾರವಿಡೀ ಕಾಯುತ್ತಿದ್ದಳು.

“ಮೇಡಂ, ಇವತ್ತಿನ ಎರಡನೇ ಚಿತ್ರದಲ್ಲಿ ಏನುಂಟು?”

ಅರ್ಚಿತಾಳಿಗೆ ಕಣ್ಣು ಕಾಣುವುದಿಲ್ಲ. ಸೂರತ್ತಿನ ಕತಾರ್‌ಗಾಮ್‌ನಲ್ಲಿ ಅವಳ ತಂದೆಯದು ಉಡುಪಿ ಹೋಟೆಲು. ಅಹಮದಾಬಾದಿನ ಖಾಸಗಿ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಬಿ.ಎ.ಗೆ ಸೇರಿ, ಮನೆಯವರು ಬೇಡವೆಂದರೂ ಕೇಳದೆ ಕಟ್ಟಡ ಕಲೆಯ ಇತಿಹಾಸವನ್ನೇ ಆರಿಸಿಕೊಂಡಿದ್ದಳು. ಸ್ಲೈಡುಗಳಲ್ಲಿರುವ ಬರಹವನ್ನೆಲ್ಲ ಅವಳ ಫೋನೇ ಗಟ್ಟಿಯಾಗಿ ಓದಿ ಹೇಳುತ್ತದೆ. ಚಿತ್ರ ಬಂದಾಗ ಮಾತ್ರ, ಅದರ ಕೆಳಗೆ ಅಧ್ಯಾಪಕರು ಬರೆದ ಸಾಲನ್ನಷ್ಟೇ ಓದುತ್ತದೆ.

ಶಕುಂತಲಾ ಅಲ್ಲಿ ಬರೆದಿದ್ದು ‘ಚಿತ್ರ ಒಂದು’, ‘ಚಿತ್ರ ಎರಡು’. ಮೊದಮೊದಲು ಅದು ಅವಸರದ ಕೆಲಸ. ಆ ಸಾಲು ಖಾಲಿ ಬಿಟ್ಟರೆ ಸ್ಲೈಡು ಅಪ್‌ಲೋಡ್ ಆಗುತ್ತಿರಲಿಲ್ಲ, ಏನಾದರೊಂದು ತುಂಬಿದರೆ ಹಸಿರು ಗುರುತು ಬೀಳುತ್ತಿತ್ತು. ಎಲ್ಲರೂ ಮಾಡುವುದು ಅದನ್ನೇ. ಅರ್ಚಿತಾ ಹೀಗೆ ಉಳಿದು ಕೇಳತೊಡಗಿದ ಮೇಲೆ ಮಾತ್ರ ಅದಕ್ಕೆ ಅವಸರವೊಂದೇ ಕಾರಣವಾಗಿರಲಿಲ್ಲ.

“ಅದಾ? ಅಹಮದಾಬಾದಿನ ಹಳೇ ಓಣಿಯ ಚಬೂತರೊ. ಹಕ್ಕಿಗಳಿಗೆ ಕಾಳು ಹಾಕೋಕೆ ಕಟ್ಟಿರೋದು. ಒಂದು ಕಂಬ, ಅದರ ತಲೆ ಮೇಲೆ ಮರದ ಪುಟ್ಟ ಮಂಟಪ.”

“ಹಕ್ಕಿ ಉಂಟಾ?”

“ಒಂದು ಪಾರಿವಾಳ. ಮಾವನ ಮನೆಗೆ ಬಂದ ಅಳಿಯನ ಹಾಗೆ ಎದೆ ಉಬ್ಬಿಸಿ ನಿಂತಿದೆ.”

ಅರ್ಚಿತಾ ನಕ್ಕಳು. “ನಮ್ಮ ಭಾವ! ಬಿಲ್ಕುಲ್ ಹಾಗೇ. ಮತ್ತೆ, ಜನ?”

“ಕೆಳಗೆ ನಿಲ್ಲಿಸಿದ ಸ್ಕೂಟರ್ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ. ಬಟಾಣಿ ಸುಲೀತಿದ್ದಾಳೆ.”

“ಅರೆ! ಬೀಳೂದಿಲ್ವಾ ಮೇಡಂ?”

ಭಾನುವಾರಗಳಲ್ಲಿ ಒಬ್ಬಳೇ ರೈಲು ಹತ್ತಿ ಹೋಗಿ ಶಕುಂತಲಾ ಈ ಚಿತ್ರಗಳನ್ನು ತೆಗೆದು ತಂದಿದ್ದಳು. ಮಕರಪುರದ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಗಂಡ ರಾಮಚಂದ್ರ ಬೇಡವೆನ್ನುತ್ತಿರಲಿಲ್ಲ. ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳುತ್ತಿದ್ದ, ಏನು ನೋಡಿದೆ ಎಂದು ಕೇಳುತ್ತಿರಲಿಲ್ಲ. ಒಮ್ಮೆ ಫೋನನ್ನು ಅವನ ಮುಂದೆ ಹಿಡಿದಾಗ “ಚೆನ್ನಾಗಿದೆ” ಎಂದು ಹಿಂದಿರುಗಿಸಿದ್ದ. ಕಣ್ಣಿದ್ದವರು ಅಷ್ಟೇ ನೋಡುತ್ತಾರೇನೋ ಎಂದು ಅವಳಿಗೆ ಅನಿಸಿತ್ತು.

ಸೋಮವಾರ ಬೆಳಿಗ್ಗೆ ವಿಶ್ವವಿದ್ಯಾಲಯದ ಆನ್‌ಲೈನ್ ವಿಭಾಗ ನೋಡಿಕೊಳ್ಳುವ ಮಂಥನ್ ಫೋನ್ ಮಾಡಿದ. ಶಿವಮೊಗ್ಗ ಕಡೆಯ ಹುಡುಗ.

“ಮೇಡಂ, ಮುಂದಿನ ವಾರ ಚಿತ್ರಗಳ ಮೇಲೆ ಟೆಸ್ಟು. ಅರ್ಚಿತಾ ಓದ್ಕೊಳ್ಳೋಕೆ ಕೂತ್ರೆ ಫೋನು ಬರೀ ಚಿತ್ರ ಒಂದು, ಚಿತ್ರ ಎರಡು ಅಂತ ಮಗ್ಗಿ ಹೇಳ್ತದೆ.”

“ದೂರು ಕೊಟ್ಳಾ?”

“ಅಯ್ಯೋ, ಇಲ್ಲ. ನಾನೇ ನೋಡಿದ್ದು. ಕೇಳಿದ್ರೆ ಅವಳು, ಮೇಡಂಗೆ ಈಗಲೇ ತುಂಬಾ ತೊಂದ್ರೆ ಕೊಡ್ತಿದ್ದೇನೆ, ಮತ್ತೆ ಹೇಳ್ಬೇಡಿ, ಕೇಳಿದ್ದನ್ನೇ ನೆನಪಿಟ್ಕೊಳ್ತೇನೆ ಅಂದ್ಲು. ನಿಮಗೆ ಪುರುಸೊತ್ತಿಲ್ಲ ಅಂದ್ರೆ ಬಿಡಿ, ಕಂಪ್ಯೂಟರೇ ಬರ್ಕೊಡುತ್ತೆ.”

ಒಂದು ಮಾದರಿಯನ್ನೂ ಕಳಿಸಿದ. ಚಬೂತರೊಗೆ ಕಂಪ್ಯೂಟರು ಬರೆದಿತ್ತು: ‘ಹೊರಾಂಗಣ. ಕಂಬ. ಹಕ್ಕಿ. ವಾಹನ.’

ಒಪ್ಪಿಬಿಟ್ಟರೆ ಸಾಕಿತ್ತು. ಮಂಥನ್‌ನ ಕೆಲಸ ಮುಗಿಯುತ್ತಿತ್ತು, ಇಷ್ಟರಿಂದ ತೃಪ್ತಿಯಾಗದ ಅರ್ಚಿತಾ ಗುರುವಾರ ಮತ್ತೆ ಉಳಿಯುತ್ತಿದ್ದಳು. ಶಕುಂತಲಾ ‘ಆಗಲಿ’ ಎಂದು ಟೈಪು ಮಾಡಿದಳು. ತೊಂದರೆ ಎಂದಳಂತೆ ಆ ಹುಡುಗಿ. ವಾರಕ್ಕೊಮ್ಮೆ ತನ್ನನ್ನು ಮಾತಾಡಿಸುವವಳು, ತಾನೇ ಅವರಿಗೆ ಹೊರೆ ಎಂದುಕೊಂಡು, ಹೋಟೆಲಿನ ಗದ್ದಲದ ನಡುವೆ ಮೇಡಮ್ಮಿನ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಾಳೆ. ಶಕುಂತಲಾ ‘ಆಗಲಿ’ಯನ್ನು ಅಳಿಸಿ, ‘ನಾನೇ ಬರೆಯುತ್ತೇನೆ’ ಎಂದು ಕಳಿಸಿದಳು.

ಬುಧವಾರದವರೆಗೂ ಬರೆದಳು. ಬೆಳಕು ಯಾವ ಕಡೆಯಿಂದ ಬಿದ್ದಿದೆ, ಬಾಗಿಲ ಚೌಕಟ್ಟಿನ ಬಣ್ಣ ಎಲ್ಲಿ ಎದ್ದುಹೋಗಿದೆ, ಯಾರ ಕೈಯಲ್ಲಿ ಏನಿದೆ. ಮುಂದಿನ ಪಾಠಗಳ ಚಿತ್ರಗಳನ್ನೂ ಬಿಡಲಿಲ್ಲ. ಕೇಳಬಹುದಾದ ಪ್ರಶ್ನೆಯೊಂದೂ ಉಳಿಯದ ಹಾಗೆ ಬರೆದಳು.

ಚಹಾದ ಲೋಟ ಹಿಡಿದು ಬಂದ ರಾಮಚಂದ್ರ ಕೇಳಿದ, “ಏನಿದು, ಮುಗಿಯೋದೇ ಇಲ್ವಾ?”

“ಚಿತ್ರಗಳಿಗೆ ವಿವರ ಬರೀತಿದೀನಿ.”

“ಚಿತ್ರ ಕಾಣುತ್ತಲ್ಲೇ, ವಿವರ ಯಾಕೆ?”

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡಿದ್ದ.

ಗುರುವಾರ ಪಾಠ ಮುಗಿಯಿತು. ಎಲ್ಲರೂ ಹೊರಡುತ್ತಿದ್ದಂತೆಯೇ ಅರ್ಚಿತಾಳ ದನಿಯೂ ಬಂತು.

“ಮೇಡಂ, ಎಲ್ಲಾ ಕೇಳಿದೆ! ಅಮ್ಮನಿಗೂ ಕೇಳಿಸಿದೆ. ಇಷ್ಟು ವರ್ಷ ಸೂರತ್ತಲ್ಲಿದ್ದೂ ಅಹಮದಾಬಾದ್ ನೋಡ್ಲಿಲ್ಲ, ಈಗ ನೋಡಿದ ಹಾಗಾಯ್ತು ಅಂದ್ರು. ಇನ್ನು ನಿಮ್ಮನ್ನು ಕೂರಿಸಿಕೊಳ್ಳೂದಿಲ್ಲ. ಚಾಲೋ, ಬರ್ತೇನೆ ಮೇಡಂ.”

“ತೊಂದರೆ ಏನಿರಲಿಲ್ಲ ಅರ್ಚಿತಾ, ನೀನು…”

ಚೌಕ ಆಗಲೇ ಹೋಗಿತ್ತು. ಪರದೆಯ ತುಂಬ ಶಕುಂತಲಾಳ ಮುಖವೇ ದೊಡ್ಡದಾಗಿ ಹರಡಿಕೊಂಡಿತು. ಅವಳು ಮೂಲೆಯ ಕೆಂಪು ಗುಂಡಿಯನ್ನು ಒತ್ತಿದಳು. ಎಲ್ಲರಿಗೂ ತರಗತಿಯನ್ನು ಮುಗಿಸಬೇಕೇ ಎಂದು ಪರದೆ ಕೇಳಿತು. ಆ ‘ಎಲ್ಲರಿಗೂ’ ಎಂಬುದನ್ನು ಶಕುಂತಲಾ ಇನ್ನೊಮ್ಮೆ ಓದಿದಳು. ಆಮೇಲೆ ಹೌದು ಎಂದು ಒತ್ತಿದಳು.