ಮರಿಯಯ್ಯನ ಅನ್ಯಭಾಷೆ

ಪೂರಿಗಾಲಿಯ ಮರಿಯಯ್ಯನ ಬಾಯಿಗೆ ಊರೇ ಹೆದರುತ್ತಿತ್ತು. ನಾಲೆ ನೀರಿನ ಸರದಿ ತಪ್ಪಿಸಿದವನ ಮಾನವನ್ನು ಏರಿಯ ಮೇಲೆ ನಿಂತೇ ಹರಾಜು ಹಾಕುತ್ತಿದ್ದ. ಅಂಥವನಿಗೆ ಲಕ್ವ ಹೊಡೆದು ಬಲಗೈ, ಬಲಗಾಲಿನ ಜೊತೆ ಮಾತೂ ಬಿದ್ದುಹೋಯಿತು. ಬಾಯಿ ತೆರೆದರೆ 'ಲಲಬ ಲಲಬ' ಅನ್ನುವ ಸದ್ದು, ಅದರ ಹಿಂದೆ ಜೊಲ್ಲು.

ಮಂಡ್ಯದ ಡಾಕ್ಟರು ಅವನ ಮಗಳು ರಂಜಿತಳನ್ನು ಕೂರಿಸಿಕೊಂಡು ಹೇಳಿದ್ದರು: ಬುದ್ಧಿ ನೆಟ್ಟಗಿದೆ, ನೀವಾಡುವುದೆಲ್ಲ ತಿಳಿಯುತ್ತದೆ, ದಿನಾ ಅಭ್ಯಾಸ ಮಾಡಿಸಿದರೆ ಮಾತು ಒಂದೊಂದಾಗಿ ಬರುತ್ತದೆ, ಕೈಬಿಟ್ಟರೆ ಇಲ್ಲ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದವಳೇ ಅವಳು ಅಪ್ಪನ ಮುಂದೆ ಕನ್ನಡಿ ಹಿಡಿದು 'ಪ' ಅನ್ನಿಸುತ್ತಿದ್ದಳು, 'ಮ' ಅನ್ನಿಸುತ್ತಿದ್ದಳು. ತುಟಿ ಕೂಡುವುದಕ್ಕೆ ಶುರುವಾಗಿತ್ತು.

ಅಷ್ಟರಲ್ಲಿ ಅವ್ವ ಮಲ್ಲಿಗಮ್ಮ ಯಾರದೋ ಮಾತು ಕೇಳಿ, ಗಂಡನನ್ನು ಮಳವಳ್ಳಿಯ ತಗಡು ಶೀಟಿನ ಹಾಲ್‌ನಲ್ಲಿ ನಡೆಯುವ ಪ್ರಾರ್ಥನೆಗೆ ಕರೆದೊಯ್ದಳು. ಬೆಂಗಳೂರಿನಿಂದ ಬಂದಿದ್ದ ಪಾಸ್ಟರು 'ಲಲಬ'ದ ಮುಂದೆ ಮೈಕು ಹಿಡಿದು ಘೋಷಿಸಿಯೇಬಿಟ್ಟ: "ಇದು ಅನ್ಯಭಾಷೆ, ದೇವರೇ ಆಡಿಸುವ ಭಾಷೆ! ಪವಿತ್ರಾತ್ಮನು ಈ ಹಿರಿಯನ ಮೇಲೆ ಇಳಿದಿದ್ದಾನೆ!"

ಅವತ್ತಿನಿಂದ ಮರಿಯಯ್ಯನಿಗೆ ವೇದಿಕೆಯ ಮೇಲೇ ಗಾಲಿಕುರ್ಚಿ. ಜನ ಸಾಲು ನಿಂತು ಕಾಲು ಮುಟ್ಟುವುದು, ಅವನು ಲಲಬ ಅನ್ನುವುದು, ಅದಕ್ಕೆ ಪಾಸ್ಟರು ಅರ್ಥ ಹೇಳುವುದು. ಇವಳಿಗೆ ಗಂಡುಮಗು, ಅವನಿಗೆ ದುಬೈ ಕೆಲಸ. ಹಾಲಿನ ಮೂಲೆಯಲ್ಲಿ ಕಣ್ಣು ಮುಚ್ಚಿ ತಮಗೆ ಬಂದ ಭಾಷೆಯಲ್ಲಿ ಅಳುತ್ತ ಪ್ರಾರ್ಥಿಸುವವರೂ ಇದ್ದರು. ಅವರ ಬಗ್ಗೆ ರಂಜಿತಳಿಗೆ ತಕರಾರಿರಲಿಲ್ಲ. ಅಪ್ಪನ ಜೊಲ್ಲನ್ನು ಬಂಡವಾಳ ಮಾಡಿಕೊಂಡ ಈ ಇಸ್ತ್ರಿ ಅಂಗಿಯವನನ್ನು ಕಂಡರೆ ಮಾತ್ರ ಅಸಹ್ಯವಾಗುತ್ತಿತ್ತು.

ಮನೆಯಲ್ಲಿ ಅಭ್ಯಾಸವೂ ನಿಂತಿತು. "ದೇವ್ರ್ ಭಾಸೆ ಬಂದಿರೋ ಬಾಯ್ಗೆ ನಿನ್ ಪ, ಮ ಯಾಕ್ ಬುಡವ್ವ" ಎಂದು ಅವ್ವ ಕನ್ನಡಿ ಎತ್ತಿಟ್ಟಳು.

ಆ ಭಾನುವಾರ ರಂಜಿತಳೂ ಜೊತೆಗೆ ಹೋಗಿದ್ದಳು. ಆರಾಧನೆ ಮುಗಿಯುವ ಹಾಗೇ ಕಾಣಲಿಲ್ಲ. ಅಪ್ಪ ಎಡಗೈಯಲ್ಲಿ ಪಂಚೆ ಎಳೆದುಕೊಳ್ಳುತ್ತ ಒದ್ದಾಡುತ್ತಿದ್ದ. ಇವಳು ಎದ್ದರೆ ಸೇವೆಯ ಹೆಂಗಸೊಬ್ಬಳು, "ಅಭಿಷೇಕದ ಹೊತ್ತು, ಅಲುಗಾಡಬೇಡಿ" ಎಂದು ಭುಜ ಹಿಡಿದು ಕೂರಿಸಿದಳು.

ಆಗ ಮರಿಯಯ್ಯ ಮುಖ ಕಿವುಚಿ, ತುಟಿ ಅಗಲಿಸಿ, ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಅಂದ: "ಏ... ಏಸ್ಗೆ."

"ಯೇಸುವಿಗೆ!" ಪಾಸ್ಟರು ಕುಣಿದ. "ಕೇಳಿದಿರಾ? ಯೇಸುವಿಗೆ ಮಹಿಮೆ ಅನ್ನುತ್ತಿದ್ದಾನೆ!"

ಹಾಲಿಗೆ ಹಾಲೇ ಎದ್ದು ನಿಂತಿತು. ಡ್ರಮ್ಮು ಬಡಿಯಿತು. "ಏಸ್ಗೆ! ಏಸ್ಗೆ!" ಎಂದು ಮರಿಯಯ್ಯ ಕಣ್ಣೀರು ಸುರಿಸಿ ಕಿರುಚಿದಷ್ಟೂ ಚಪ್ಪಾಳೆ ಜೋರಾಯಿತು.

ಪೂರಿಗಾಲಿಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ, ಹೇಸಿಗೆ ಏಸ್ಗೆಯಾಗುತ್ತದೆ. ರಂಜಿತಳಿಗೆ ಮಾತು ತಿಳಿಯುವ ಹೊತ್ತಿಗೆ ವಾಸನೆಯೂ ಮೂಗಿಗೆ ಬಡಿದಿತ್ತು. ಬಿಳಿ ಪಂಚೆ ಹಳದಿಯಾಗಿ ಕುರ್ಚಿಯಿಂದ ತೊಟ್ಟಿಕ್ಕುತ್ತಿತ್ತು. ಅದರ ಪಕ್ಕದಲ್ಲೇ ಮೊಣಕಾಲೂರಿ ಒಬ್ಬ ಗಂಡಸು ಆ ಪಾದಕ್ಕೆ ಹಣೆ ಒತ್ತುತ್ತಿದ್ದ. ಥೂ!

ಅವಳು ನುಗ್ಗಿ ಮೈಕು ಕಿತ್ತುಕೊಂಡಳು. "ಯೇಸು ಅಲ್ಲ ಕಣ್ರೋ, ಹೇಸಿಗೆ! ನಮ್ಮಪ್ಪ ಬಟ್ಟೇಲೇ ಮಾಡ್ಕಂಡವ್ರೆ, ತೊಳೀರಿ ಅಂತವ್ರೆ!"

ಪಾಸ್ಟರನ ಮುಖ ಒಂದಿಷ್ಟೂ ಬಾಡಲಿಲ್ಲ. "ನೋಡಿ, ಸೈತಾನನು ಮಗಳ ಬಾಯಲ್ಲಿ ಮಾತಾಡುತ್ತಿದ್ದಾನೆ" ಎಂದ. ಜನ ಅವಳ ಕಡೆ ಕೈ ಚಾಚಿ ಪ್ರಾರ್ಥನೆ ಶುರುಮಾಡಿದರು.

ರಂಜಿತ ಮೈಕು ಬಿಸುಟು, ಕುರ್ಚಿಯನ್ನು ಹೊರಗೆ ಹಿಂದಿನ ನಲ್ಲಿಯ ಹತ್ತಿರ ತಳ್ಳಿಕೊಂಡು ಹೋಗಿ ಅಪ್ಪನನ್ನು ತೊಳೆದಳು. ಆ ಹೇಸಿಗೆ ಮುಟ್ಟಲು ಅವಳಿಗೆ ಅಸಹ್ಯವೇ ಆಗಲಿಲ್ಲ. "ಸರ್ಯಾಗ್ ಅಂದೆ ಕಣಪ್ಪ, ನಂಗ್ ಅರ್ಥ ಆಯ್ತು" ಅಂದಾಗ ಮರಿಯಯ್ಯ ಸೊಟ್ಟಗೆ ನಕ್ಕ. ಮಗ್ಗಿನ ಕಡೆ ನೋಡಿ, ಮತ್ತೆ ಮುಖ ಕಿವುಚಿ, "ನೀ... ನೀರು" ಎಂದ.

ಮಲ್ಲಿಗಮ್ಮ ಬಂದು ಹಿಂದೆ ನಿಂತಿದ್ದಳು.

"ಅವ್ವಾ, ಅಪ್ಪ ಮಾತಾಡ್ತವ್ರೆ! ಒಳಗೆ ಆಗ ಅಂದದ್ದು ನಿಂಗೆ ಗೊತ್ತಾಗ್ಲಿಲ್ವಾ?"

ಅವ್ವ ಸೆರಗಿನ ತುದಿ ತಿರುಚಿದಳು. "ಗೊತ್ತಾಯ್ತು ಕಣವ್ವ. ಮೊದಲ್ನೇ ಸಲವೇ ಗೊತ್ತಾಯ್ತು."

"ಮತ್ತೆ?"

"ಅಷ್ಟ್ ಜನ ನಿಮ್ಮಪ್ಪನ್ ಕಾಲಿಗೆ ಬೀಳ್ತಿದ್ರು. ನನ್ನೂ ಅಮ್ಮಾ ಅಂತಿದ್ರು. ಎಂಗ್ ಯೋಳ್ಲಿ?"

ಒಳಗಿನ ಪಾಸ್ಟರನ್ನು ಕಂಡಾಗಲೂ ಹುಟ್ಟದಷ್ಟು ಅಸಹ್ಯ ರಂಜಿತಳಿಗೆ ಹೆತ್ತ ತಾಯಿಯ ಮೇಲೆ ಹುಟ್ಟಿತು.

ಮಲ್ಲಿಗಮ್ಮ ಗಂಡನ ಮುಂದೆ ಕುಕ್ಕುರುಗಾಲಲ್ಲಿ ಕೂತು ಅವನ ಗಲ್ಲ ಒರೆಸಿದಳು. "ಎಲ್ಲಿ, ಇನ್ನೊಂದ್ ಕಿತ ಅನ್ನಿ. ನಂಗ್ ಅನ್ನಿ."

ಮರಿಯಯ್ಯ ಅವಳ ಮುಖವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ತುಟಿ ಬಿಗಿದುಕೊಂಡು ಮಗಳ ಕಡೆ ತಿರುಗಿದ.