ಎಡಗಡೆಯ ಎಂಜಿನ್ನಿನ ಕೆಮ್ಮು

ಗುರುವಾರದ ಹಾರಾಟದಲ್ಲಿ ಎಡಗಡೆಯ ಎಂಜಿನ್ನು ಒಮ್ಮೆ ಕೆಮ್ಮಿತು ಎಂದು ತಮ್ಮ ಹೇಳಿದ ಗಳಿಗೆಯಿಂದ ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎರಡು ಎಂಜಿನ್ನಿನ ಆ ಪುಟ್ಟ ವಿಮಾನ ಇಬ್ಬರದ್ದೂ. ಅವನು ಹಾರಿಸುವವನು, ಅವಳು ರಿಪೇರಿಯವಳು. ಪ್ಲಗ್ಗು, ಫಿಲ್ಟರು, ಪಂಪು ಎಲ್ಲ ಬಿಚ್ಚಿ ನೋಡಿದಳು. ನೆಲದ ಮೇಲೆ ಐದು ನಿಮಿಷ ಓಡಿಸಿದರೆ ಯಾವ ತಕರಾರೂ ಇಲ್ಲ. ಊಟಕ್ಕೆ ಕೂತವಳು ಅರ್ಧಕ್ಕೇ ಎದ್ದು ಟಾರ್ಚು ಹುಡುಕುತ್ತಿದ್ದಳು.

"ಸಾಕು ಬಿಡಕ್ಕ, ಸೆಕೆಗೆ ಹಾಗೆ ಮಾಡಿದ್ದು."

"ಸೆಕೆಗಾದ್ರೆ ಎರಡೂ ಕೆಮ್ಮಬೇಕಲ್ಲ? ಎಡಗಡೇದೇ ಯಾಕೆ?"

ತಮ್ಮ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡ.

ಸೋಮವಾರ ಹಲ್ಲಿನ ಡಾಕ್ಟರನ್ನು ದ್ವೀಪಕ್ಕೆ ಬಿಡಬೇಕಿತ್ತು. ಅವರು ಬರುವಷ್ಟರಲ್ಲಿ ಹನ್ನೊಂದಾಗಿ, ರನ್‌ವೇಯ ಡಾಂಬರು ಮೆತ್ತಗಾಗಿತ್ತು. ಅಂಥ ಬಿಸಿಲಲ್ಲಿ ಗಾಳಿ ತೆಳುವಾಗುತ್ತದೆ. ಒಂದು ಎಂಜಿನ್ನು ಕೈಕೊಟ್ಟರೆ ಇನ್ನೊಂದಕ್ಕೆ ಭಾರ ಹೊರುವುದು ಕಷ್ಟ. ಅಕ್ಕ ಡಾಕ್ಟರ ಎರಡು ಪೆಟ್ಟಿಗೆಗಳನ್ನು ಕೆಳಗಿಳಿಸಿ, ಆ ಭಾರದ ಬದಲು ತಾನು ಹಿಂದಿನ ಸೀಟು ಹತ್ತಿದಳು.

"ನೀನ್ಯಾಕೆ?"

"ಇಲ್ಲೇ ಇದ್ರೆ ನನಗೆ ಜೀವ ನಿಲ್ಲಲ್ಲ. ನಡಿ."

ಹತ್ತು ನಿಮಿಷವಾಗಿರಬಹುದು. ಕೆಳಗೆ ಬರೀ ಸಮುದ್ರ. ಎಡಗಡೆಯ ಎಂಜಿನ್ನು ಎರಡು ಸಲ ಕೆಮ್ಮಿ ನಿಂತೇಹೋಯಿತು. ತಮ್ಮ ಪೆಡಲು ಒತ್ತಿ ಹಿಡಿದು ದಡದತ್ತ ತಿರುಗಿಸಿದ. ಎತ್ತರ ತೋರಿಸುವ ಮುಳ್ಳು ಇಳಿಯುತ್ತಲೇ ಇತ್ತು. ಡಾಕ್ಟರು ಕಣ್ಣು ಮುಚ್ಚಿಬಿಟ್ಟರು.

"ಅವತ್ತು ತಾನಾಗೇ ಸರಿ ಆಯ್ತಾ?" ಅಕ್ಕ ಮುಂದಕ್ಕೆ ಬಾಗಿ ಕೂಗಿದಳು. "ಹೇಳೋ!"

"ಇಲ್ಲ, ಬಲಗಡೆ ಟ್ಯಾಂಕಿಂದ ಅದಕ್ಕೆ ಪೆಟ್ರೋಲ್ ಕೊಟ್ಟೆ. ಎಡಗಡೆ ತುಂಬಿಸೋಕೇ ಮರೆತಿದೀನಿ ಅಂದ್ಕೊಂಡೆ. ನೀನು ಬೈತೀಯ ಅಂತ ಹೇಳ್ಲಿಲ್ಲ. ಆದರೆ ಇವತ್ತು ನಾನೇ ಪೂರ್ತಿ ತುಂಬಿಸಿದೀನಿ!"

"ತುಂಬಿರ್ಲಿ, ಬಿಡ್ಲಿ. ಬಲಗಡೇದು ಕೊಡು!"

ಅವನು ಟ್ಯಾಂಕು ಬದಲಿಸುವ ಹಿಡಿ ತಿರುಗಿಸಿದ. ಎಂಜಿನ್ನು ಒದ್ದಾಡಿ, ಉಸಿರೆಳೆದುಕೊಂಡು, ಓಡತೊಡಗಿತು.

ಹಿಂದಿರುಗಿ ಇಳಿದದ್ದೇ ತಡ, ಅಕ್ಕ ರೆಕ್ಕೆ ಹತ್ತಿ ಎಡಗಡೆಯ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಪೆಟ್ರೋಲು ಬೇಕಾದಷ್ಟಿತ್ತು. ಟ್ಯಾಂಕಿಗೆ ಗಾಳಿ ಹೋಗಲೆಂದು ರೆಕ್ಕೆಯಡಿ ಇರುವ ಕೊಳವೆಗೆ ತಂತಿ ತೂರಿಸಿದಾಗ ಒಣಮಣ್ಣು ಉದುರಿತು. ಕಣಜದ ಹುಳವೊಂದು ಅಲ್ಲಿ ಗೂಡು ಕಟ್ಟಿತ್ತು. ಗಾಳಿ ಒಳಹೋಗದೆ ಪೆಟ್ರೋಲು ಹೊರಬರುತ್ತಿರಲಿಲ್ಲ.

ತಮ್ಮ ರೆಕ್ಕೆಯ ನೆರಳಲ್ಲಿ ಕುಸಿದು ಕೂತ. "ಬೈದುಬಿಡಕ್ಕ."

ಅಕ್ಕ ತಂತಿ ಕೆಳಗಿಟ್ಟಳು. ಪಕ್ಕದಲ್ಲಿ ಕೂತು ನೀರಿನ ಬಾಟಲಿ ಕೊಟ್ಟಳು. ಅವನು ಅದನ್ನು ತೆರೆಯದೆ ಮಡಿಲಲ್ಲೇ ಇಟ್ಟುಕೊಂಡ. ತಾನೇ ಹಿಡಿದು ಕುಡಿಸಿದಳು. ಆಮೇಲೆ ಬಲಗಡೆಯ ಕೊಳವೆ ನೋಡಲು ಎದ್ದಳು. ಅದು ಚೊಕ್ಕಟವಾಗಿತ್ತು.

ಮಾರನೆಯ ದಿನ ಡಾಕ್ಟರು ಬೆಳಗಿನ ತಂಪಿಗೇ ಬಂದರು. ಹತ್ತುವ ಮೊದಲು ತಾವೇ ಬಗ್ಗಿ, ರೋಗಿಯ ಬಾಯಿ ನೋಡುವಂತೆ ಎರಡೂ ಕೊಳವೆಗಳಲ್ಲಿ ಇಣುಕಿದರು.