ಹುಲಿಗೆವ್ವ ಎಣಿಸಿದ ಮರಿಗಳು

ನಾನೊಂದು ಹರಿಗೋಲು. ಬಿದಿರು ಸೀಳಿ ಹೆಣೆದು, ಹೊಟ್ಟೆಗೆ ಡಾಂಬರು ಬಳಿದು ತುಂಗಭದ್ರೆಯ ದಂಡೆಯಲ್ಲಿ ನನ್ನನ್ನು ಹುಟ್ಟಿಸಿದವನು ಅಂಬಿಗರ ಯಂಕೋಬ. ತಲೆ ಯಾವುದು, ಬಾಲ ಯಾವುದು ಎಂದು ಕೇಳಬೇಡಿ. ದುಂಡಗಿರುವುದೇ ನನ್ನ ಚೆಂದ. ಹೊಳೆಗೆ ಸೇತುವೆ ಬಂದ ಮೇಲೆ ನನ್ನನ್ನು ಕೇಳುವವರೇ ಇಲ್ಲವಾದರು. ಯಂಕೋಬ ನನ್ನನ್ನು ಮಗಳು ಹುಲಿಗೆವ್ವನಿಗೆ ಕೊಟ್ಟು, ಅವಳ ಗಂಡನ ಊರಿನ ಕೆರೆಗೆ ಕಳಿಸಿದ.

ಅದೆಂಥ ಕೆರೆ, ಶಿವನೇ! ದಂಡೆಯಿಂದ ದಂಡೆಗೆ ಅಂತರಗಂಗೆ, ಅದರಡಿ ಕೊಳೆತ ಕೆಸರು. ಎರಡು ಬೇಸಿಗೆ ಊರವರು ಅದನ್ನು ಕಿತ್ತು ಕಿತ್ತು ನನ್ನ ಮೇಲೆ ಹೇರಿದರು. ಮೂರನೆಯ ಮಳೆಗೆ ತಿಳಿನೀರು ನಿಂತಿತು. ಜೊಂಡಿನೊಳಗೆ ನಾಮದ ಕೋಳಿಗಳು, ಹಣೆಗೆ ಬಿಳಿ ನಾಮವಿರುವ ಕಪ್ಪು ನೀರುಹಕ್ಕಿಗಳು, ಬಂದು ಗೂಡು ಕಟ್ಟಿದವು.

ಹಕ್ಕಿಗಳ ಲೆಕ್ಕ ಬರೆಯುವ ಫರ್ಹಾನಾ ಮೇಡಂ ಏರಿಯ ಮೇಲೆ ನಿಲ್ಲುವರು. ಗೂಡಿನ ಹತ್ತಿರ ಹೋಗುವುದು ನಾನು, ಹುಲಿಗೆವ್ವ ಇಬ್ಬರೇ. ಮುಂಜಾವಿನ ಮಂಜಿನಲ್ಲಿ ನೀರು ಯಾವುದು, ಬಾನು ಯಾವುದು ತಿಳಿಯದು. ತೇಲುತ್ತಿದ್ದೇನೋ, ಕನಸು ಕಾಣುತ್ತಿದ್ದೇನೋ ನನಗೇ ಗೊತ್ತಾಗುತ್ತಿರಲಿಲ್ಲ. ಕೆಂಪು ತಲೆಯ ಮರಿಗಳು ನನ್ನ ಮಗ್ಗುಲಿಗೇ ಬಂದು ಸುಳಿಯುತ್ತಿದ್ದವು.

"ಎಷ್ಟು ಮರಿ ಅದಾವ, ಹುಲಿಗೆವ್ವಾ?"

"ಒಂದೂ ಇಲ್ರೀ ಮೇಡಂ."

ಹಸಿ ಸುಳ್ಳು! ಮರಿಗಳನ್ನು ಎಣಿಸಿ ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ ಎಂಬ ಅಂಜಿಕೆ ಅವಳಿಗೆ. ಕೂಸುಗಳನ್ನು ಮಣ್ಣಿಗೆ ಕೊಟ್ಟ ತಾಯಿ, ಪಾಪ. ನನಗೆ ಸಿಟ್ಟು ಬರಲಿಲ್ಲ.

ಮೇಡಂ ಸೊನ್ನೆ ಬರೆದುಕೊಂಡರು. ಮರಿಯಿಲ್ಲದ ಜೊಂಡು ಯಾಕೆ ಎಂದು ಕೆರೆ ಸಮಿತಿಯ ಈರಣಗೌಡ ಒಂದು ಬೆಳಿಗ್ಗೆ ಅದನ್ನು ಕೀಳಿಸಲು ಜೆಸಿಬಿ ತಂದೇಬಿಟ್ಟ. ಹುಲಿಗೆವ್ವ ನನ್ನನ್ನು ಜೊಂಡಿಗೆ ಅಡ್ಡ ಒಡ್ಡಿ ನಿಂತಳು.

"ತಡೀರಿ ಗೌಡ್ರ! ಒಳಗ ಮರಿ ಅದಾವ!"

"ಒಂದೂ ಇಲ್ಲ ಅಂತ ನೀನೇ ಹೇಳಿದ್ದೆಲ್ಲಬೇ? ಎಷ್ಟದಾವ, ಹೇಳು!"

ಅವಳು ನನ್ನ ಅಂಚನ್ನು ಬಿಗಿಯಾಗಿ ಹಿಡಿದಳು. ಕಡೆಗೆ ಕಣ್ಣು ಮುಚ್ಚಿಕೊಂಡು, "ಹನ್ನೊಂದ್ರೀ," ಎಂದಳು. "ಏನಾರ ಆಗೋದಿದ್ರ ನನಗಾಗ್ಲಿ."

ಜೆಸಿಬಿ ಹಿಂದಕ್ಕೆ ಹೋಯಿತು. ವಾರದಲ್ಲಿ ಒಂದು ಮರಿಯನ್ನು ಹದ್ದು ಒಯ್ದಾಗ ಹುಲಿಗೆವ್ವ ನನ್ನೊಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಬಾಯಿ ಸುಡ್ಲಿ, ಹೇಳಬಾರದಿತ್ತು."

ಮೇಡಂ ಪಕ್ಕಕ್ಕೆ ಬಂದು ಕೂತರು. "ನೀ ಹೇಳದಿದ್ರ ಹನ್ನೊಂದೂ ಹೋಗ್ತಿದ್ವು, ಹುಲಿಗೆವ್ವಾ."

ಉಳಿದ ಹತ್ತು ಬೆಳೆದು ಹಾರಿದವು.

ಈಗ ನನ್ನ ತಳ ಬಿರಿದಿದೆ. ಏರಿಯ ಜಾಲಿಮರದ ಕೆಳಗೆ ಬೋರಲು ಬಿದ್ದಿದ್ದೇನೆ. ಮೊನ್ನೆ ಕೆರೆ ನೋಡಲು ಬಂದ ಟೀಚರಮ್ಮನೊಬ್ಬರು ನನ್ನ ಮೇಲೆ ಕೂತಿದ್ದ ಹುಲಿಗೆವ್ವನನ್ನು, "ಮಕ್ಕಳೆಷ್ಟವ್ವ ನಿನಗ?" ಎಂದು ಕೇಳಿದರು.

ಅವಳು ಒಂದೊಂದೇ ಬೆರಳು ಮಡಿಚಿದಳು.

"ಮೂರ್ರೀ. ಒಬ್ಬಾಕಿ ಅದಾಳ."

ಇಷ್ಟು ವರ್ಷ ಅವಳನ್ನು ಹೊತ್ತದ್ದು ನಾನು. ಆ ಲೆಕ್ಕ ನನಗೂ ಅವತ್ತೇ ಗೊತ್ತಾದದ್ದು.